ರಬ್ಬರಿಲ್ಲದ ರಾಜಮರ್ಯಾದೆ

ನರ್ಸ್ ಸತ್ಯಮ್ಮ ದೇವದಾಸರ ಕೈಯಿಂದ ಬಲೂನುಗಳ ಗೊಂಚಲನ್ನು ಹೊಸ್ತಿಲಲ್ಲೇ ಕಿತ್ತುಕೊಂಡಳು.

"ಒಳಗ ರಬ್ಬರ್ ನಡೆಂಗಿಲ್ರಿ ಸಾಹೇಬ್ರ. ಕೈಗವಸು, ನಳಿಗಿ ಎಲ್ಲಾ ಬ್ಯಾರೇನ ತರಿಸೇವಿ. ಜೀವದ ಪ್ರಶ್ನೆ ಐತಿ."

ದೇವದಾಸರ ಮನಸ್ಸು ಅರಳಿತು. ಅವರು ಮುಂಬಯಿ ಬಳಿಯ ಕೋಪರಖೈರಣೆಯ ಹೋಟೆಲ್ ಮಾಲೀಕರು, ಕನ್ನಡ ಸಂಘದ ಆಜೀವ ಅಧ್ಯಕ್ಷರು. ಒಂದು ಹರ್ನಿಯಾ ಆಪರೇಷನ್ನಿಗೆ ಠಾಣೆ ನಗರದ ಈ ಆಸ್ಪತ್ರೆ ಇಷ್ಟೆಲ್ಲ ಉಪಚಾರ ಮಾಡಿದೆಯೆಂದರೆ, ಅಧ್ಯಕ್ಷನ ಪ್ರಾಣದ ಬೆಲೆ ಬಲ್ಲವರೇ ಸರಿ. ತಮಗೆ ರಬ್ಬರ್ ಆಗದೆಂಬುದು ಅವರಿಗೇ ತಿಳಿದಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಕಂಡಿರಬೇಕು.

"ನೋಡಿದೆಯಾ?" ಎಂದರು, ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಉಪಾಧ್ಯಕ್ಷ ಹರಿಶ್ಚಂದ್ರನಿಗೆ. "ನಿನಗೆ ಇಂಥ ಕಾಯಿಲೆ ಬರ್ಲಿಕ್ಕೂ ಯೋಗ ಬೇಕು."

ಅಷ್ಟರಲ್ಲಿ ಸರ್ಜನ್ ಡಾಕ್ಟರ್ ರಮಿತಾ ಬಂದರು. ದೇವದಾಸರು ಚೀಲದಿಂದ ಶಾಲು, ಪೇಟ ಹೊರತೆಗೆದರು.

"ಅಂಕಲ್, ಇದೆಲ್ಲ ಆಮೇಲೆ."

"ಆಮೇಲೆ ಎಂಥದ್ದು ಮಾರಾಯ್ತಿ? ಸನ್ಮಾನ ಮಾಡದೆ ನಾನು ಯಾವ ಕಾರ್ಯವನ್ನೂ ಶುರು ಮಾಡಿದವನಲ್ಲ."

ಶಾಲು ಹೊದಿಸಿದರು. ಪೇಟ ತೊಡಿಸಿದರು. ಪಂಡಿತನ ತಲೆಗೂ ಪಾಮರನ ತಲೆಗೂ ಸಮನಾಗಿ ಕೂರಲೆಂದು ಸಂಘದ ಪೇಟಗಳ ಅಸ್ತರಿನೊಳಗೆ ಹಿಗ್ಗುವ ಪಟ್ಟಿ ಹೊಲಿಸಿದ್ದು ಅವರದೇ ಬುದ್ಧಿ. ಹರಿಶ್ಚಂದ್ರನ ಫೋಟೊಗಳು ಮುಗಿಯುವವರೆಗೂ ರಮಿತಾ ಆ ಕಿರೀಟ ಹೊತ್ತು ನಗುತ್ತ ನಿಂತರು.

ಒಳಗೆ ದೇವದಾಸರ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದರು. ಎಚ್ಚರವಿತ್ತು. ಎದೆಯ ಮೇಲೊಂದು ಹಸಿರು ಪರದೆ. ಅದರಾಚೆ ಕತ್ತರಿಗಳ ಸದ್ದು, ಒಂದು ಕೆಮ್ಮು, ಆಮೇಲೆ ಗಡಿಬಿಡಿ.

"ಮುಖ ಬಾತೈತ್ರಿ! ಉಸಿರು ಸಿಗವಲ್ದು!" ಸತ್ಯಮ್ಮನ ಕೂಗು.

"ಅಡ್ರಿನಲಿನ್! ಜಲ್ದಿ!" ಅರಿವಳಿಕೆ ವೈದ್ಯರ ದನಿ.

ದೇವದಾಸರು ಕೆನ್ನೆ ಮುಟ್ಟಿಕೊಂಡರು. ಊದಿದಂತೆಯೇ ಇತ್ತು. ಕಟೀಲಿನ ದೇವಿಗೆ ಹರಕೆ ಹೊತ್ತರು. ಸಾಲದೆಂದು ತೋರಿತು. ದೇಹವೇ ಅನಿತ್ಯವೆಂದ ಮೇಲೆ ಅಧ್ಯಕ್ಷ ಪದವಿ ಯಾವ ಲೆಕ್ಕ?

"ಹರಿಶ್ಚಂದ್ರನಿಗೆ ಹೇಳಿ," ಎಂದು ಗದ್ಗದಿತರಾದರು, "ಕುರ್ಚಿ ಅವನಿಗೇ ಬಿಟ್ಟೆ! ನನ್ನ ಕಡೇ ಮಾತು!"

ಔಷಧ ತರಲು ಬಾಗಿಲಿಗೆ ಧಾವಿಸುತ್ತಿದ್ದ ಆಯಾ ಆ ಮಾತನ್ನೂ ಹೊರಗೆ ಮುಟ್ಟಿಸಿದಳು. ಕ್ಷಣದಲ್ಲೇ ಕಾರಿಡಾರಿನಿಂದ ಚಪ್ಪಾಳೆ ಕೇಳಿಸಿತು.

ಬಹಳ ಹೊತ್ತಿನ ಮೇಲೆ ಸತ್ಯಮ್ಮ ಪರದೆಯ ಮೇಲಿಂದ ಇಣುಕಿದಳು. "ನಿಮಗೇನೂ ಆಗಿಲ್ರಿ ಸಾಹೇಬ್ರ, ಬ್ಯಾರೆ ಡಾಕ್ಟ್ರು ಬಂದು ಹೊಲಿಗಿ ಹಾಕಾಕತ್ತಾರ. ರಬ್ಬರ್ ಆಗದಿರೋದು ರಮಿತಾ ಮೇಡಮ್ಮಗ. ಈಗ ಉಸಿರಾಡಾಕತ್ತಾರ, ಆದ್ರ ಹಣಿಮ್ಯಾಲ ನಿಮ್ಮ ಪೇಟದ ಪಟ್ಟಿ ಬರಿ ಎಳದಂಗ ಮೂಡೇತಿ."