ಬೇರೆ ಕೈಯ ಬೆಸುಗೆ

ಬ್ಯಾಟರಿಯನ್ನು ರಿಮೋಟ್ ಕಾರಿನೊಳಗೆ ಕೂರಿಸಲು ಹೊರಟವನು ಅಲ್ಲೇ ನಿಂತ. ಕೆಂಪು ವೈರು ಮೊದಲಿಗಿಂತ ಗಿಡ್ಡವಾಗಿತ್ತು. ಕಪ್ಪು ವೈರೂ ಅಷ್ಟೇ. ಬ್ಲೇಡು ತೆಗೆದು ಕನೆಕ್ಟರಿನ ಬುಡದಲ್ಲಿ ಬೆಸುಗೆ ಮುಚ್ಚಿದ್ದ ಪ್ಲಾಸ್ಟಿಕ್ ಟ್ಯೂಬನ್ನು ಸೀಳಿದ. ಬ್ಯಾಟರಿಯನ್ನು ಕಣ್ಣಿನ ಹತ್ತಿರ ತಂದು, ಸಾಲದೆ ಇನ್ನೂ ಹತ್ತಿರ ತಂದು ನೋಡಿದ. ಬೆಸುಗೆಯ ಸೀಸ ವೈರಿನ ಎಳೆ ಎಳೆಗೂ ಇಳಿದು ನುಣ್ಣಗೆ ಹೊಳೆಯುತ್ತಿತ್ತು. ಯಾರೋ ಅವನ ಬೆಸುಗೆಯನ್ನು ಕತ್ತರಿಸಿ ಬಿಸಾಡಿ, ಆ ಜಾಗದಲ್ಲಿ ತಮ್ಮದನ್ನು ಹಾಕಿದ್ದರು.

ಅವನು ಮೋಟಾರ್ ರಿಪೇರಿಯವನು, ಹೆಂಡತಿ ಶಾಲೆಯೊಂದರ ಬಸ್ಸು ಓಡಿಸುವವಳು. ಇದೇನು ಮಕ್ಕಳಾಟ ಎಂದು ನಗುವವರು ನಗಲಿ, ರಿಮೋಟಿನಲ್ಲಿ ಓಡುವ ಈ ಮೊಳದುದ್ದದ ಕಾರಿಗಾಗಿ ಅವರಿಬ್ಬರೂ ಪ್ರತಿ ಭಾನುವಾರ ಊರಾಚೆಯ ಈ ಮೈದಾನಕ್ಕೆ ಬರುತ್ತಿದ್ದರು. ಓಡಿಸುವುದು ಅವಳ ಪಾಲು, ಬೆಸೆಯುವುದು ಅವನ ಪಾಲು. ದಪ್ಪ ವೈರು ಕೊಟ್ಟ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಚೆನ್ನಾಗಿ ಕಾಯಿಸದೆ ಸೀಸ ಹಾಕಿದರೆ ಅದು ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಆ ಹದ ಇಡೀ ಮೈದಾನದಲ್ಲಿ ತನ್ನೊಬ್ಬನಿಗೇ ಗೊತ್ತೆಂದು ಅವನು ನಂಬಿದ್ದ.

ಹಳೆಯ ಟೈರುಗಳ ಸಾಲಿನಾಚೆ ಹಲ್ಲಿನ ಡಾಕ್ಟರು ತಮ್ಮ ಕಾರು ಒರೆಸುತ್ತ ಕೂತಿದ್ದರು. ಅವರ ಪೆಟ್ಟಿಗೆಯಲ್ಲಿ ಇಲ್ಲದ ಸಾಮಾನಿಲ್ಲ. ಹೋದ ವಾರ ಹೆಂಡತಿ ಅವರೊಂದಿಗೆ ಅಷ್ಟು ಹೊತ್ತು ನಗುನಗುತ್ತ ಮಾತಾಡಿದ್ದು, ಮೊನ್ನೆ ಬ್ಯಾಟರಿ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಕೆಲಸಕ್ಕೆ ಹೋದದ್ದು, ಎಲ್ಲ ಒಂದಕ್ಕೊಂದು ತಾಳೆಯಾಯಿತು. ಅವನು ನೇರ ಅವರೆದುರು ಹೋಗಿ ನಿಂತ.

"ಡಾಕ್ಟ್ರೇ, ನಮ್ಮ ಬ್ಯಾಟರಿಗೆ ಕೈ ಹಾಕೋಕೆ ನಿಮಗೆ ಹೇಳಿದ್ದು ಯಾರು?"

"ನಾನಾ?" ಡಾಕ್ಟರು ಅವನ ಕೈಲಿದ್ದುದನ್ನು ನೋಡಿ ನಕ್ಕುಬಿಟ್ಟರು. "ಹಲ್ಲಿನ ತೂತು ಮುಚ್ಚೋದು ಬಿಟ್ರೆ ನನಗೆ ಇನ್ಯಾವ ಬೆಸುಗೆನೂ ಬರಲ್ಲ ಮಾರಾಯ್ರೇ. ನನ್ನದನ್ನೂ ನಿಮ್ಮ ಮನೆಯವರ ಹತ್ರಾನೇ ಮಾಡಿಸ್ಕೊಂಡಿದ್ದು. ಇಲ್ಲಿ ಮುಕ್ಕಾಲು ಜನ ಅವರ ಹತ್ರಾನೇ ಕೊಡೋದು. ನಿಮಗೆ ಗೊತ್ತಿಲ್ವಾ?"

ಅವರು ಚಾಚಿದ ಬ್ಯಾಟರಿಯ ಮೇಲೂ ಅದೇ ಕೈಯ ಕೆಲಸ. ಟ್ಯೂಬನ್ನು ಕತ್ತರಿಸಿದ ಅಂದ ಕೂಡ ಅದೇ.

"ಗೊತ್ತಿಲ್ದೆ ಏನು? ನಾನೇ ಅಲ್ವಾ ಹೇಳ್ಕೊಟ್ಟಿದ್ದು," ಎಂದು ಹೇಳಿ ಅವನು ತಿರುಗಿ ಬಂದ.

ಹೆಂಡತಿ ನೆಲದ ಮೇಲೆ ಕೂತು ಚಕ್ರದ ನಟ್ಟು ಬಿಗಿ ಮಾಡುತ್ತಿದ್ದಳು. ಅವನ ಕೈಯಲ್ಲಿ ಸೀಳಿದ ಟ್ಯೂಬು ಕಂಡದ್ದೇ ಸ್ಪ್ಯಾನರು ಕೆಳಗಿಟ್ಟಳು.

"ಎಲ್ಲಿ ಕಲಿತೆ?"

"ನಿಮ್ಮ ಪಕ್ಕ ವೈರು ಹಿಡ್ಕೊಂಡು ಕೂತಿರ್ತಿದ್ನಲ್ಲ, ಅಲ್ಲೇ."

"ನಾನು ಹಾಕಿದ್ದನ್ನ ಕತ್ತರಿಸಿ ಬಿಸಾಡೋ ಅಂಥದ್ದು ಏನಾಗಿತ್ತು?"

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಆವತ್ತು ಕಾರು ತಿರುವಲ್ಲಿ ನಿಂತಿತಲ್ಲ, ನಾನು ಹೇಳಿದ ಹಾಗೆ ಕಲ್ಲಿಗೆ ಸಿಕ್ಕಿ ಅಲ್ಲ ರೀ. ವೈರು ಕಳಚಿ ಬಂದಿತ್ತು. ಆಮೇಲೂ ನೀವು ಹಾಕಿದ್ದು ಯಾವುದೂ ಸರಿಯಾಗಿ ಹಿಡೀತಿರಲಿಲ್ಲ. ನಿಮಗೆ ಕಣ್ಣು ಮಂಜಾಗ್ತಿದೆ. ಸೀಸ ಒಳಗೆ ಇಳೀತೋ ಇಲ್ವೋ ಕಾಣ್ತಿಲ್ಲ. ತೋರಿಸ್ಕೊಂಡು ಬರೋಣ ಅಂದ್ರೆ ಮುಖ ಊದಿಸ್ಕೊಂಡು ಕೂರ್ತೀರಾ. ಅದಕ್ಕೇ ಬಸ್ ಶೆಡ್ಡಲ್ಲಿ ಕೂತು ಸರಿ ಮಾಡ್ಕೊಂಡು ಬರ್ತಿದ್ದೆ. ಈ ಮೈದಾನಕ್ಕೆ ಬರೋರೊಬ್ಬರು ಅಲ್ಲಿ ನೋಡಿದ್ರು, ನಮಗೂ ಮಾಡ್ಕೊಡಿ ಅಂದ್ರು. ಬೇಡ ಅನ್ನೋಕಾಗಲಿಲ್ಲ."

"ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಇಲ್ಲಿಗೆ ಬರೋದನ್ನೇ ಬಿಟ್ಬಿಡ್ತೀರಾ ಅಂತ."

ಅವನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಆ ಡಾಕ್ಟರೇ ಆಗಿದ್ದರೆ ಬಾಯಿಗೆ ಬಂದಂತೆ ಬೈದು, ದಾರಿಯುದ್ದಕ್ಕೂ ಗೊಣಗಿ, ಮನೆಗೆ ಹೋಗಿ ಉಂಡು ಮಲಗಬಹುದಿತ್ತು. ಈಗ ಯಾರ ಮೇಲೆ ಹರಿಹಾಯುವುದು? ಅವಳ ಕೈಗಳನ್ನೇ ನೋಡಿದ. ಅಂಥ ಭಾರಿ ಬಸ್ಸನ್ನು ಸಂದಿಗೊಂದಿಯಲ್ಲಿ ಹೊರಳಿಸುವ ಆ ಕೈಗಳು ಒಂದಿಷ್ಟೂ ನಡುಗದೆ ಸೀಸ ಕರಗಿಸುವುದು ಕಣ್ಣಿಗೆ ಕಟ್ಟಿತು. ಓಡಿಸುವುದೂ ಅವಳೇ, ಬೆಸೆಯುವುದೂ ಅವಳೇ. ಹಾಗಾದರೆ ತಾನು ಇಲ್ಲಿ ಚೀಲ ಹೊರುವವನೇ?

ಓಟ ಶುರುವಾಗಲು ಸೀಟಿ ಊದಿದರು. ಅವನು ಸೀಳಿದ ಜಾಗಕ್ಕೆ ಟೇಪು ಸುತ್ತಿ, ಬ್ಯಾಟರಿ ಕೂರಿಸಿ, ಕನೆಕ್ಟರನ್ನು ಒತ್ತಿ ಸೇರಿಸಿದ. ಅವಳು ರಿಮೋಟು ಹಿಡಿದು, ಓಡಿಸುವವರು ನಿಲ್ಲುವ ಕಟ್ಟೆಯ ಮೇಲೆ ಹೋಗಿ ನಿಂತಳು.

ಕಾರುಗಳು ಧೂಳೆಬ್ಬಿಸಿಕೊಂಡು ಹಾರಿದವು. ದೂರದ ತಿರುವಿಗೆ ಹೋದಾಗಲೆಲ್ಲ ತಮ್ಮ ಕಾರು ಅವನ ಕಣ್ಣಿಗೆ ಬರೀ ಕೆಂಪು ಕಲೆಯಾಗುತ್ತಿತ್ತು. ಸುತ್ತಲಿನವರು ಅವಳ ಪರವಾಗಿ ಕೂಗುತ್ತಿದ್ದರು. ಅವನು ಕಿವಿ ನಿಮಿರಿಸಿ ಮೋಟಾರಿನ ಸದ್ದನ್ನಷ್ಟೇ ಕೇಳುತ್ತ ನಿಂತಿದ್ದ. ಈ ತಿರುವಿನಲ್ಲಾದರೂ ಸದ್ದು ನಿಲ್ಲಬಾರದೇ, ಒಂದೇ ಒಂದು ವೈರು ಕಿತ್ತು ಬರಬಾರದೇ ಎಂದು ಅವನ ಮನಸ್ಸು ಬೇಡುತ್ತಿತ್ತು. ಹಾಗೆ ಬೇಡುತ್ತಿದ್ದೇನೆಂದು ಅರಿವಾಗಿ ನಾಚಿಕೆಯಾಯಿತು. ಬೇಡುವುದು ಮಾತ್ರ ನಿಲ್ಲಲಿಲ್ಲ.

ಕೆಂಪು ಕಾರೇ ಮೊದಲು ಬಂತು.

ಅವಳು ಕಟ್ಟೆಯಿಂದ ಇಳಿದು, ಯಾರ ಅಭಿನಂದನೆಗೂ ನಿಲ್ಲದೆ, ಬ್ಯಾಟರಿ ಬಿಚ್ಚಿ ತಂದು ಅವನ ಅಂಗೈಯಲ್ಲಿಟ್ಟಳು. ಅಷ್ಟು ಓಡಿದ ಬ್ಯಾಟರಿ ಚೆನ್ನಾಗಿಯೇ ಕಾದಿತ್ತು. ಅವನು ಟೇಪಿನ ಮೇಲೆ ಬೆರಳಿಟ್ಟ. ಬೆಸುಗೆ ಕೆಟ್ಟದಾಗಿದ್ದರೆ ಎಲ್ಲಕ್ಕಿಂತ ಮೊದಲು ಕಾಯುವುದು ಆ ಜಾಗವೇ. ಅದು ತಣ್ಣಗಿತ್ತು.

"ಹೇಗಿದೆ ರೀ?" ಅವಳು ಅವನ ಮುಖವನ್ನೇ ನೋಡುತ್ತ ಕೇಳಿದಳು.

"ಸುಡ್ತಾ ಇದೆ," ಎಂದ ಅವನು.