ಪೇಷಂಟುಗಳಿಗೆ ಮಾತ್ರ

ಆ ಆಸ್ಪತ್ರೆ ಮುಂದಿನ ರಸ್ತೆ ಗುಡಿಸುವ ಕೆಲಸ ಅವಳದು. ನಸುಕಿಗೇ ಪೊರಕೆ ಹಿಡಿದರೆ ಬಿಸಿಲು ನೆತ್ತಿಗೇರುವ ತನಕ ಬಿಡುವಿಲ್ಲ. ಹತ್ತಿರದಲ್ಲಿದ್ದ ಟಾಯ್ಲೆಟ್ ಒಂದೇ, ಅದೂ ಆಸ್ಪತ್ರೆಯ ಒಳಗೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೇಟಿನ ಸೆಕ್ಯುರಿಟಿಯವನನ್ನು ಕೇಳಿದ್ದಳು.

"ಅಣ್ಣಾ, ಒಂದಕ್ಕೆ ಹೋಗಿ ಬಂದ್ಬಿಡ್ತೀನಿ."

"ಅದು ಪೇಷಂಟುಗಳಿಗೆ ಮಾತ್ರ ಕಣಮ್ಮ. ನಿಮ್ಮೋರು ಹೋದ ಕಡೆ ಅವರು ಕಾಲಿಡಲ್ಲ. ಆಮೇಲೆ ನನಗೆ ಬೈಗುಳ."

ಅವಳು ಮತ್ತೆ ಕೇಳಲಿಲ್ಲ. ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಕುಡಿದರೆ ತಾನೆ ಹೋಗಬೇಕಾಗುವುದು? ಜೊತೆಗೆ ಗುಡಿಸುವ ಹೆಂಗಸರೆಲ್ಲ ಮಾಡುತ್ತಿದ್ದುದು ಅದನ್ನೇ. ಗಂಟಲು ಒಣಗಿದರೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ವರ್ಷಗಳು ಹೀಗೇ ಹೋದವು. ಉರಿ ಬಂತು, ಜ್ವರ ಬಂತು, ಕೊನೆಗೆ ಮುಖ ಕಾಲು ಊದಿಕೊಂಡವು. ಗಂಡ ಅವಳನ್ನು ಅದೇ ಆಸ್ಪತ್ರೆಗೆ ಕರೆತಂದ.

"ಎರಡೂ ಕಿಡ್ನಿ ಹೋಗಿದೆ," ಎಂದರು ಡಾಕ್ಟರು. "ಅಲ್ಲಮ್ಮ, ನೀರು ಕುಡಿಯೋಕೂ ನಿನಗೆ ಯಾರಾದ್ರೂ ಹೇಳ್ಕೊಡಬೇಕಿತ್ತಾ?"



ಡಯಾಲಿಸಿಸ್ ಶುರುವಾಗಿ ಕೆಲವು ತಿಂಗಳಾಗಿತ್ತು. ಒಂದು ದಿನ ತನ್ನ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ, ಅದೇ ಸೆಕ್ಯುರಿಟಿಯವನು ಅವಳನ್ನು ಗುರುತು ಹಿಡಿದ. ಎದುರಿಗಿದ್ದ ಟಾಯ್ಲೆಟ್ ಬಾಗಿಲನ್ನು ತಾನೇ ತಳ್ಳಿ ಹಿಡಿದ.

"ಹೋಗ್ಬನ್ನಿ ಅಕ್ಕ. ಇನ್ನು ಯಾರೂ ಏನೂ ಅನ್ನಲ್ಲ. ಈಗ ನೀವೂ ಪೇಷಂಟೇ ಅಲ್ವಾ."

ಅವಳು ಕೂತಲ್ಲಿಂದ ಏಳಲಿಲ್ಲ.

"ನಂಗೀಗ ಉಚ್ಚೆ ಬರೋದೇ ನಿಂತೋಗಿದೆ ಅಣ್ಣಾ."