ಬೆಳಿಗ್ಗೆ ಮಾತಾಡದ ರೇಡಿಯೋ

ರೇಡಿಯೋದಲ್ಲಿ ಈ ಸಲವೂ ತೊಂದರೆಯೇನೂ ಸಿಗಲಿಲ್ಲ. ಶ್ರೇಯಾಂಸ ಹಿಂದಿನ ಹಲಗೆ ಬಿಚ್ಚಿದ, ವಾಲ್ವುಗಳನ್ನು ಒಂದೊಂದಾಗಿ ತಟ್ಟಿ ನೋಡಿದ, ಸ್ವಿಚ್ ಹಾಕಿದ. ದೀಪ ಹತ್ತಿತು. ತುಸು ಹೊತ್ತಿಗೆ ಭದ್ರಾವತಿ ಕೇಂದ್ರ ಸ್ಪಷ್ಟವಾಗಿ ಮಾತಾಡತೊಡಗಿತು.

ಜಿನಮತಿ ರೇಡಿಯೋ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

"ಸರಿಯಾಯ್ತಾ?"

"ಕೆಟ್ಟಿದ್ರೆ ತಾನೆ ಸರಿಯಾಗೋದು? ಮನೇಲಿ ಏನಾಗ್ತದೆ ಹೇಳಿ. ಗೊರಗೊರ ಅಂತದಾ, ಪೂರ್ತಿ ಸುಮ್ನಿರ್ತದಾ?"

ಅವಳು ತಡವರಿಸಿದಳು. "ರಾತ್ರಿ ಆರಿಸಿಡ್ತೀನಿ. ಬೆಳಿಗ್ಗೆ ಹಾಕಿದ್ರೆ ದೀಪ ಹತ್ತುತ್ತೆ, ಮಾತು ಬರಲ್ಲ. ಅಷ್ಟೇ."

ಎಪ್ಪತ್ತನಾಲ್ಕರ ಮಾಗಿ. ಸಾಗರದ ಪೇಟೆಯಲ್ಲಿ ಶ್ರೇಯಾಂಸನದು ಒಂದು ಕೋಣೆಯ ರಿಪೇರಿ ಅಂಗಡಿ. ಅವಳು ಕೆಳದಿಯಿಂದ ಬಸ್ಸಿನಲ್ಲಿ, ಆ ಭಾರದ ಪೆಟ್ಟಿಗೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಳು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿಲ್ಲ. ಊರಿನ ಹೆಂಗಸರಿಗೆ ರವಿಕೆ ಹೊಲಿದು ಬದುಕುತ್ತಿದ್ದಳು. ಒಂದು ಸಲ ಶ್ರೇಯಾಂಸ ರೇಡಿಯೋವನ್ನು ಎರಡು ರಾತ್ರಿ ಅಂಗಡಿಯಲ್ಲೇ ಇಟ್ಟುಕೊಂಡು ಪರೀಕ್ಷಿಸಿದ್ದ. ಎರಡು ಬೆಳಿಗ್ಗೆಯೂ ಅದು ತೊಂದರೆಯಿಲ್ಲದೆ ಹಾಡಿತ್ತು.

"ಅದು ಕೆಟ್ಟಿಲ್ಲ ಮಾರಾಯಾ," ಅಂದಿದ್ದ ಪಕ್ಕದ ಬೇಕರಿಯ ಮುಕುಂದಯ್ಯ, ಗೋಡೆಗೆ ಒರಗಿ ನಗುತ್ತ. "ಬೇರೆ ಎಂತದೋ ಉಂಟು. ನಿಂಗೇ ಗೊತ್ತಾಗ್ತಿಲ್ಲ."

ಆ ಮಾತು ಶ್ರೇಯಾಂಸನ ತಲೆಯೊಳಗೆ ಕೂತುಬಿಟ್ಟಿತು. ಹೆಂಡತಿ ತೀರಿಹೋದ ಮೇಲೆ ಅವನು ಒಬ್ಬನಿಗೇ ಅನ್ನ ಮಾಡಿಕೊಂಡು, ಸಾರಿಗೆ ಉಪ್ಪು ಹೆಚ್ಚಾದರೂ ಹೇಳಿಕೊಳ್ಳಲು ಯಾರೂ ಇಲ್ಲದೆ ಉಣ್ಣುತ್ತಿದ್ದ. ಇಡೀ ದಿನ ಬೇರೆಯವರ ರೇಡಿಯೋಗಳು ಅವನ ಮುಂದೆ ಮಾತಾಡುತ್ತಿದ್ದವು. ಅವನು ಆಡುವ ಮಾತನ್ನು ಇಷ್ಟು ಗಮನ ಕೊಟ್ಟು ಯಾರೂ ಆಲಿಸಿದ್ದಿಲ್ಲ. ಅವನು ಬಾಯಿ ತೆರೆದರೆ ಸಾಕು, ಜಿನಮತಿಯ ಕಣ್ಣು ಅಲ್ಲಿಂದ ಕದಲುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ತಲೆ ಹುದುಗಿಸಿ ಏನಾದರೂ ಕೇಳಿದರೆ ಮಾತ್ರ ಉತ್ತರ ಬರುತ್ತಿರಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡ.

ಒಮ್ಮೆ ಅವಳೇ ಹೇಳಿದ್ದಳು: "ನೀವು ಬಿಡಿಸಿ ಬಿಡಿಸಿ ಮಾತಾಡ್ತೀರಿ. ಹಂಗೆ ಮಾತಾಡೋರು ಕಡಿಮೆ." ಸ್ವಲ್ಪ ತಡೆದು, "ಆ ಮೀಸೆ ಇಲ್ದಿದ್ರೆ ಇನ್ನೂ ಒಳ್ಳೇದಿತ್ತು" ಅಂದಳು.

ಮರುದಿನ ಬೆಳಿಗ್ಗೆಯೇ ಅವನು ಮೀಸೆ ಬೋಳಿಸಿದ. ಮುಕುಂದಯ್ಯ ನಕ್ಕಿದ್ದು ಗೋಡೆಯಾಚೆಗೂ ಕೇಳಿತು.

ಈಗ ಹಲಗೆಗೆ ಸ್ಕ್ರೂ ಹಾಕುತ್ತ ಶ್ರೇಯಾಂಸ ತಲೆಯೆತ್ತಿ ಹೇಳಿದ: "ಭಾನುವಾರ ನಾನೇ ಬರ್ತೀನಿ. ಬೆಳಿಗ್ಗೆ ಅದು ಏಳೋ ಹೊತ್ತಿಗೆ ಅಲ್ಲೇ ನೋಡಿದ್ರೆ ಗೊತ್ತಾಗ್ತದೆ."

ಜಿನಮತಿಯ ಮುಖ ಅರಳಿತು. "ಖಂಡಿತ ಬನ್ನಿ. ಅದು ಮಾತಾಡದಿದ್ರೆ ಮನೆ ಬಿಕೋ ಅನ್ನುತ್ತೆ."

ಭಾನುವಾರ ಅವನು ಮಂಜಿನಲ್ಲೇ ಸೈಕಲ್ ತುಳಿದ. ಒಗೆದ ಅಂಗಿ, ಕ್ಯಾರಿಯರಿನಲ್ಲಿ ಸಾಮಾನಿನ ಚೀಲ. ಅವಳ ಮನೆಯ ಜಗಲಿಯ ಮೇಲೆ ಹೂವಪ್ಪ ಎಂಬ ನೆರೆಮನೆಯ ಮುದುಕ ಕಂಬಳಿ ಹೊದ್ದು ಕೂತಿದ್ದ. ಶ್ರೇಯಾಂಸ ಬಾಗಿಲ ಚಿಲಕ ಬಡಿದ. ಮತ್ತೆ ಬಡಿದ. ಯಾರೂ ಬರಲಿಲ್ಲ.

"ಹಿತ್ತಲ ಕಡೆಯಿಂದ ಹೋಗಿ," ಅಂದ ಹೂವಪ್ಪ.

ಹಿತ್ತಲಲ್ಲಿ ನೀರೊಲೆಗೆ ಕಟ್ಟಿಗೆ ತುಂಬುತ್ತಿದ್ದ ಜಿನಮತಿ ಅವನನ್ನು ಕಂಡದ್ದೇ ಮಸಿಯಾದ ಕೈ ಒರೆಸಿಕೊಳ್ಳುತ್ತ ಒಳಗೆ ಕರೆದಳು. ರೇಡಿಯೋ ಕಿಟಕಿಯ ಬಳಿ ಇತ್ತು. ಮುಟ್ಟಿದರೆ ಬಾವಿನೀರಿನಷ್ಟು ತಣ್ಣಗೆ. ಅವನು ಸ್ವಿಚ್ ಹಾಕಿದ. ದೀಪ ಹತ್ತಿತು. ತುಸು ಹೊತ್ತು ಕಾದರೂ ಮಾತಿಲ್ಲ.

ಅವಳು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಬರೀ ರೇಡಿಯೋಕ್ಕಾಗಿಯೇ ಬರುತ್ತಿದ್ದಳು ಅನ್ನಿಸಿ ಶ್ರೇಯಾಂಸನ ಉತ್ಸಾಹ ಕುಗ್ಗಿತು.

ಹಲಗೆ ಬಿಚ್ಚಿ ತಂತಿಗಳನ್ನು ಒಂದೊಂದಾಗಿ ಅಲುಗಿಸುತ್ತ ಹೋದ. ಒಂದು ಕಡೆ ಬೆಸುಗೆ ಕೂದಲೆಳೆಯಷ್ಟು ಬಿಟ್ಟಿತ್ತು. ರಾತ್ರಿಯ ಚಳಿಗೆ ಕುಗ್ಗಿ ಬಾಯಿ ತೆರೆಯುತ್ತಿತ್ತು, ಕಾವು ತಾಗಿದರೆ ಮುಚ್ಚಿಕೊಳ್ಳುತ್ತಿತ್ತು. ಅವನ ಅಂಗಡಿಯ ಗೋಡೆಯಾಚೆ ಬೇಕರಿಯ ಒಲೆ ಬೆಳಗಿನವರೆಗೂ ಉರಿಯುತ್ತಿತ್ತು. ರೇಡಿಯೋಕ್ಕೆ ಅಲ್ಲಿ ಚಳಿಯೇ ಆಗಿರಲಿಲ್ಲ.

ಬೆಸುಗೆ ಹಾಕಿದ. ಪ್ರದೇಶ ಸಮಾಚಾರ ಮನೆ ತುಂಬಿತು.

ಜಗಲಿಯಿಂದ ಹೂವಪ್ಪ ಎದ್ದು ಬಂದ. ಹಿಂದೆಯೇ ಆಚೆಮನೆಯ ಕೆರಿಯಮ್ಮ, ಎಲೆಯಡಿಕೆಯ ಸಂಚಿ ಹಿಡಿದು. ಆಮೇಲೆ ಇನ್ನಿಬ್ಬರು. ಚಾಪೆ ಹಾಸಿಕೊಂಡರು, ಸುದ್ದಿಗೆ ತಲೆದೂಗಿದರು, ಅಡಿಕೆ ಧಾರಣೆಯ ಮಾತು ತೆಗೆದರು. ಒಬ್ಬೊಬ್ಬರು ಒಳಗೆ ಬಂದಂತೆಯೂ ಜಿನಮತಿಯ ಮುಖದಲ್ಲಿ ಬೆಳಕು ಏರುತ್ತಿತ್ತು. ಕಾಫಿ ಮಾಡಲು ಅವಳು ಅಡುಗೆಮನೆಗೆ ಓಡಿದಳು.

ಶ್ರೇಯಾಂಸ ಹಿಂದೆಯೇ ಹೋಗಿ ಹೊಸ್ತಿಲಲ್ಲಿ ನಿಂತ. ಅವಳು ಬೆನ್ನು ತಿರುಗಿಸಿ ಕಾಫಿ ಸೋಸುತ್ತಿದ್ದಳು. ಮುಖ ನೋಡಿ ಆಡುವುದಕ್ಕಿಂತ ಇದೇ ಸುಲಭ ಅನ್ನಿಸಿತು.

"ಅದು ಇನ್ನು ಕೆಡಲ್ಲ," ಅಂದ. "ಕೆಡದಿದ್ರೂ ನಾನು ಭಾನುವಾರ ಭಾನುವಾರ ಬರ್ಲಾ? ನನಗೂ ಮನೇಲಿ ಯಾರಿಲ್ಲ. ನಿಮಗೆ ಒಪ್ಪಿಗೆಯಿದ್ರೆ... ಮುಂದಿನ ಮಾತು ಹಿರಿಯರ ಹತ್ರ ಆಡ್ಬಹುದು."

ಅವಳು ತಿರುಗಲಿಲ್ಲ. ಲೋಟಗಳನ್ನು ಸಾಲಾಗಿ ಇಟ್ಟಳು. ಸಕ್ಕರೆ ಹಾಕಿದಳು. ಕೈ ಒಂದು ಕ್ಷಣವೂ ತಡೆಯಲಿಲ್ಲ.

ಶ್ರೇಯಾಂಸನ ಕಿವಿ ಬಿಸಿಯಾಯಿತು. ಇಂಥ ಮಾತಿಗೆ ಮರ್ಯಾದಸ್ಥ ಹೆಂಗಸು ಇನ್ನು ಹೇಗೆ ಉತ್ತರ ಕೊಟ್ಟಾಳು? ಸದ್ದಿಲ್ಲದೆ ನಡುಮನೆಗೆ ಬಂದು ಸಾಮಾನು ಚೀಲಕ್ಕೆ ತುಂಬಿ, ಯಾರಿಗೂ ಹೇಳದೆ ಅಂಗಳಕ್ಕಿಳಿದು ಸೈಕಲ್ ಹಿಡಿದ. ಇನ್ನು ಸಾಗರದವರೆಗಿನ ದಾರಿ, ಆಮೇಲೆ ಬೀಗ ಹಾಕಿದ ಮನೆ.

ಹೂವಪ್ಪ ಬರಿಗಾಲಲ್ಲೇ ಅಂಗಳಕ್ಕೆ ಬಂದು ಸೈಕಲ್ಲಿನ ಹಿಡಿಕೆಯ ಮೇಲೆ ಕೈಯಿಟ್ಟ.

"ನೀರು ಕುಡಿಯೋಕೆ ಅಂತ ಎದ್ದು ಬಂದೋನು, ನೀವಂದಿದ್ದು ಕಿವಿಗೆ ಬಿತ್ತು. ಬೆನ್ನ ಹಿಂದೆ ಆಡಿದ್ರೆ ಅವಳಿಗೆ ಹೆಂಗೆ ಗೊತ್ತಾಗಬೇಕು ಮಾರಾಯ್ರೆ? ಗಂಡ ತೀರಿಕೊಂಡ ವರ್ಷವೇ ಬಂದ ಜ್ವರದಲ್ಲಿ ಅವಳ ಎರಡೂ ಕಿವಿ ಹೋದ್ವು. ಆ ರೇಡಿಯೋ ಇಟ್ಕೊಂಡಿರೋದೇ ನಾವು ನಾಲ್ಕು ಜನ ಬಂದು ಕೂರ್ಲಿ ಅಂತ. ಅದು ಬೆಳಿಗ್ಗೆ ಮಾತಾಡಲ್ಲ ಅಂತ ಅವಳಿಗೆ ಹೇಳಿದ್ದೂ ನಾವೇ. ಒಳಗೆ ಹೋಗಿ, ಎದುರಿಗೆ ನಿಂತು ಇನ್ನೊಂದ್ಸಲ ಹೇಳಿ."